ಎಡತುದಿಯ ಉಸಿರು

ನನ್ನ ಚಿಕ್ಕಮ್ಮ ಇಪ್ಪತ್ತಮೂರು ವರ್ಷ ಒಂದೇ ವೃಂದದಲ್ಲಿ ಹಾಡಿದಳು. ಆ ವೃಂದ ಹಾಡಿದ್ದನ್ನು ಮಾತ್ರ ಒಮ್ಮೆಯೂ ಕೇಳಿರಲಿಲ್ಲ. ಇದರಲ್ಲಿ ಸೋಜಿಗವೇನಿಲ್ಲ; ಅದು ನಿಂತ ಜಾಗದ ಪರಿಣಾಮ. ವಾದ್ಯಗಳ ನೆರವಿಲ್ಲದೆ ನಲವತ್ತು ಜನ ನಾಲ್ಕು ಬಗೆಯ ದನಿಗಳಾಗಿ ಹಾಡುತ್ತಿರುವಾಗ, ಸಾಲಿನೊಳಗೆ ನಿಂತವಳ ಕಿವಿಗೆ ಬೀಳುವುದು ಪಕ್ಕದವಳ ಗಂಟಲು, ಹಿಂದಿನ ಸಾಲಿನವರ ಮೂಗುಸಿರು, ಮತ್ತು ತಲೆಬುರುಡೆಯ ಮೂಳೆಯ ಮೂಲಕವೇ ಒಳಕಿವಿಗೆ ತಲುಪುವ ತನ್ನದೇ ದನಿ. ನಲವತ್ತೂ ಸೇರಿ ಒಂದಾಗುವುದು ಹತ್ತಾರು ಅಡಿ ಆಚೆ, ಕುರ್ಚಿಗಳಿರುವ ಕಡೆ. ಹಾಡುವವರು ಅಲ್ಲಿರುವುದಿಲ್ಲ.

ಅರವತ್ತೊಂದನೆಯ ವಯಸ್ಸಿನಲ್ಲಿ, ವೃಂದವನ್ನು ಬಿಟ್ಟ ಐದು ತಿಂಗಳಿಗೆ, ಚಿಕ್ಕಮ್ಮ ಮೊದಲ ಸಲ ಆ ಕುರ್ಚಿಗಳಲ್ಲೊಂದರಲ್ಲಿ ಕುಳಿತಳು. ಅವಳು ಹೋದದ್ದು ಹಾಡು ಕೇಳುವುದಕ್ಕಲ್ಲ. ತಾನು ಅಲ್ಲಿ ಇಲ್ಲ ಎಂಬುದು ಕೇಳಿಸುತ್ತದೆಯೇ ಎಂದು ತಿಳಿಯುವುದಕ್ಕೆ.

ಅವಳು ಮೂವತ್ತೆಂಟು ವರ್ಷ ದುಡಿದದ್ದು ಗಾಜಿನ ಬಾಟಲಿಗಳ ಕಾರ್ಖಾನೆಯಲ್ಲಿ. ಕುಲುಮೆಯಿಂದ ಹೊರಬಂದು ತಣಿದ ಬಾಟಲಿಗಳು ಚಲಿಸುವ ಪಟ್ಟಿಯ ಮೇಲೆ ಸಾಲಾಗಿ ಬಂದು, ಒಳಗೆ ದೀಪವಿರುವ ಒಂದು ಬಿಳಿ ಪರದೆಯ ಮುಂದೆ ಹಾಯುತ್ತವೆ. ಎತ್ತರದ ಸ್ಟೂಲಿನ ಮೇಲೆ ಕುಳಿತು ಅವುಗಳನ್ನು ನೋಡುವುದು, ಒಡಕಿದ್ದದ್ದನ್ನು ತೆಗೆದು ಕೆಳಗಿನ ತೊಟ್ಟಿಗೆ ಹಾಕುವುದು ಅವಳ ಕೆಲಸ. ಇಪ್ಪತ್ತು ನಿಮಿಷ ನೋಡಬೇಕು, ಇಪ್ಪತ್ತು ನಿಮಿಷ ಪೆಟ್ಟಿಗೆ ತುಂಬಬೇಕು. ಅದಕ್ಕಿಂತ ಹೆಚ್ಚು ಹೊತ್ತು ನೋಡಿದರೆ ಕಣ್ಣು ತೆರೆದೇ ಇರುತ್ತದೆ, ಕಾಣುವುದು ನಿಂತುಹೋಗುತ್ತದೆ.

"ಸರಿಯಿರೋ ಬಾಟ್ಲಿ ಕಣ್ಣಿಗೆ ಬೀಳೋದೇ ಇಲ್ಲ ಕಣೋ," ಎಂದು ನಾನು ಚಿಕ್ಕವನಿದ್ದಾಗ ಅವಳು ಹೇಳುತ್ತಿದ್ದಳು. "ನಿಮಿಷಕ್ಕೆ ನೂರು ಹೋಗುತ್ತೆ. ಒಂದನ್ನಾದ್ರೂ ನೋಡಿದೆಯಾ ಅಂತ ಕೇಳಿದ್ರೆ ಇಲ್ಲ ಅನ್ಬೇಕು. ಕೂದಲೆಳೆ ಬಿರುಕಿರೋದು ಒಂದು ಬರಲಿ, ಅದೊಂದೇ ಕಾಣುತ್ತೆ."

ಕಣ್ಣು ಉಳಿಯಿತು, ಹೋದದ್ದು ಕಿವಿ. ಗಾಜಿಗೆ ಗಾಜು ತಗಲುವ ಸದ್ದು ಕಡ್ಡಿಯಂತೆ ತೆಳ್ಳಗೆ, ಚೂಪಾಗಿರುತ್ತದೆ; ದಿನಕ್ಕೆ ಎಂಟು ಗಂಟೆ, ವಾರಕ್ಕೆ ಆರು ದಿನ ಅದನ್ನೇ ಕೇಳಿದರೆ ಒಳಕಿವಿಯ ಶಂಖದಲ್ಲಿ ಎತ್ತರದ ಸ್ವರಗಳನ್ನು ಹಿಡಿಯುವ ರೋಮಕೋಶಗಳು ಮೊದಲು ಸಾಯುತ್ತವೆ. ಹಕ್ಕಿಗಳಲ್ಲಿ ಅವು ಮತ್ತೆ ಹುಟ್ಟುತ್ತವೆ, ಕೋಳಿಯಲ್ಲಿ ಕೂಡ. ಮನುಷ್ಯರಲ್ಲಿ ಹುಟ್ಟುವುದಿಲ್ಲ. ಇದನ್ನು ನಾನು ಅವಳಿಗೆ ವಿವರಿಸಿದಾಗ, "ಹಾಗಾದ್ರೆ ಕೋಳಿಯಾಗಿ ಹುಟ್ಟಿದ್ರೆ ಒಳ್ಳೇದಿತ್ತು, ಕೆಲಸಕ್ಕೂ ಹೋಗ್ಬೇಕಾಗಿರ್ಲಿಲ್ಲ," ಎಂದು ಕಾಫಿ ಬಗ್ಗಿಸಿದಳು.

ವೃಂದ ಸೇರಿದ್ದು ಮೂವತ್ತೈದು ದಾಟಿದ ಮೇಲೆ. ಮದುವೆ ಎಂಬುದು ಒಂದೂವರೆ ವರ್ಷ ಇದ್ದು ಹೋಗಿತ್ತು. ಅದರ ಬಗ್ಗೆ ಅವಳು ಕಾರ್ಖಾನೆಯಲ್ಲಿ ಕೈಬಿಟ್ಟ ಒಂದು ಪಾಳಿಯ ಬಗ್ಗೆ ಹೇಳುವ ಹಾಗೆ ಹೇಳುತ್ತಿದ್ದಳು. ಮೂರನೆಯ ಮಹಡಿಯಲ್ಲಿ ಎರಡು ಕೋಣೆ, ಭಾನುವಾರ ನನ್ನ ಅಮ್ಮನ ಫೋನು, ಮಂಗಳವಾರ ಮತ್ತು ಶುಕ್ರವಾರ ಸಂಜೆ ಅಭ್ಯಾಸ. ಅಭ್ಯಾಸ ನಡೆಯುತ್ತಿದ್ದದ್ದು ಒಂದು ಶಾಲೆಯ ವ್ಯಾಯಾಮದ ಕೋಣೆಯಲ್ಲಿ. ಗೋಡೆಗೆ ಮರದ ಅಡ್ಡಪಟ್ಟಿಗಳು, ಮೂಲೆಯಲ್ಲಿ ಸುತ್ತಿಟ್ಟ ರಬ್ಬರ್ ಚಾಪೆಗಳ ವಾಸನೆ. ನಡೆಸುತ್ತಿದ್ದವರು ಅದೇ ಶಾಲೆಯ ರೇಖಾಗಣಿತದ ಮೇಷ್ಟ್ರು. ಎರಡು ಕಾಲಿನ ಉಕ್ಕಿನ ಶ್ರುತಿಕವೆಯನ್ನು ಮೊಣಕಾಲಿಗೆ ಬಡಿದು, ಕಿವಿಗೆ ಹಿಡಿದು, ನಾಲ್ಕು ಗುಂಪಿಗೂ ನಾಲ್ಕು ಸ್ವರ ಗುನುಗಿ ಕೊಡುತ್ತಿದ್ದರು. ಹಾಡು ಮುಗಿದ ಮೇಲೆ ಮತ್ತೆ ಬಡಿದು ನೋಡುತ್ತಿದ್ದರು. ಆಸರೆಯಿಲ್ಲದೆ ಹಾಡುವ ಗುಂಪು ಯಾರಿಗೂ ಗೊತ್ತಾಗದೆ ಇಳಿಯುತ್ತದೆ, ಎಲ್ಲರೂ ಒಟ್ಟಿಗೆ ಇಳಿಯುವುದರಿಂದ ಒಬ್ಬರಿಗೂ ಇಳಿದಂತೆ ಅನ್ನಿಸುವುದಿಲ್ಲ.

ಚಿಕ್ಕಮ್ಮನದು ಹೆಂಗಸರ ಕೆಳದನಿ, ಅದರಲ್ಲೂ ತೀರ ತಗ್ಗಿನದು. ದೊಡ್ಡ ದನಿಯಲ್ಲ, ಅಲುಗದ ದನಿ. ಸ್ವರ ತಪ್ಪಿದವರು ಅವಳ ಕಡೆ ಕಿವಿ ವಾಲಿಸಿ ಸರಿಮಾಡಿಕೊಳ್ಳುತ್ತಿದ್ದರು. ಅದರಿಂದ ಅವಳಿಗೆ ಗೋಡೆ ಎಂಬ ಹೆಸರು ಬಿತ್ತು. ಹಿರಿಯರಿಗೆ ಗೋಡೆ, ಕಿರಿಯರಿಗೆ ಗೋಡೆಯಕ್ಕ. ಅವಳು ನಿಲ್ಲುತ್ತಿದ್ದದ್ದು ಮೂರನೆಯ ಸಾಲಿನ ಎಡತುದಿ. ಅವಳ ಬಲಕ್ಕೆ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಹೆಂಗಸು, ವೃಂದದಲ್ಲಿ ಎಲ್ಲರ ಬಾಯಲ್ಲೂ 'ಅಂಚೆ'. ಅಂಚೆಯ ಬಲಕ್ಕೆ ಬೇಕರಿಯಮ್ಮ, ಅವಳ ಬಲಕ್ಕೆ ಅವಳ ಮಗಳು. ಈ ನಾಲ್ವರದು ತಳದ ಸ್ವರ.

ಇನ್ನು ಉಸಿರಿನ ಮಾತು. ಒಬ್ಬ ಮನುಷ್ಯ ಒಂದು ಸ್ವರವನ್ನು ಹದಿನೈದು, ಹೆಚ್ಚೆಂದರೆ ಇಪ್ಪತ್ತು ಸೆಕೆಂಡು ಹಿಡಿಯಬಹುದು. ವೃಂದ ಎರಡು ನಿಮಿಷ ಹಿಡಿಯುತ್ತದೆ. ಗುಟ್ಟು ಇಷ್ಟೆ: ಎಲ್ಲರೂ ಬೇರೆ ಬೇರೆ ಹೊತ್ತಿನಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ. ಪಕ್ಕದವಳು ತೆಗೆದುಕೊಳ್ಳುವಾಗ ನೀನು ತೆಗೆದುಕೊಳ್ಳಬಾರದು ಎಂಬುದೊಂದೇ ನಿಯಮ.

"ಕಳ್ಳರ ಹಾಗೆ ಆಚೆ ಹೋಗಿ, ಕಳ್ಳರ ಹಾಗೆ ಒಳಗೆ ಬನ್ನಿ," ಎನ್ನುತ್ತಿದ್ದರು ಮೇಷ್ಟ್ರು. "ಹೋಗಿದ್ದೂ ಗೊತ್ತಾಗ್ಬಾರ್ದು, ಬಂದಿದ್ದೂ ಗೊತ್ತಾಗ್ಬಾರ್ದು."

ಅವರ ಎಲ್ಲ ಕಾರ್ಯಕ್ರಮಗಳೂ ಒಂದೇ ಹಾಡಿನಿಂದ ಮುಗಿಯುತ್ತಿದ್ದವು. ಅದರ ಕೊನೆಯ ಪುಟದಲ್ಲಿ ಮಾತುಗಳಿಲ್ಲ. ಮೇಲ್ದನಿಯವರು ಮೊದಲು ನಿಲ್ಲುತ್ತಾರೆ, ಆಮೇಲೆ ಗಂಡಸರು, ಆಮೇಲೆ ಉಳಿದವರು. ಕಡೆಗೆ ತಳದ ನಾಲ್ವರೇ ಒಂದು ಸ್ವರ ಹಿಡಿದು ಉಳಿಯುತ್ತಾರೆ, ಸುಮಾರು ಅರ್ಧ ನಿಮಿಷ. ಈ ಪುಟದ ವಿಷಯದಲ್ಲಿ ಮೇಷ್ಟ್ರದು ಎರಡು ಹಟ. ಅಭ್ಯಾಸದಲ್ಲಿ ಇದನ್ನು ಪೂರ್ತಿ ಹಾಡಿಸುತ್ತಿರಲಿಲ್ಲ. ಹತ್ತು ಎಣಿಕೆ ಆಗುತ್ತಿದ್ದಂತೆ ಕೈ ಮುಚ್ಚಿ "ಸಾಕು, ಉಳಿದದ್ದು ಆವತ್ತಿಗೆ ಇರಲಿ" ಎನ್ನುತ್ತಿದ್ದರು. ಇನ್ನೊಂದು, ಈ ಪುಟದ ಮೇಲೆ ಯಾರೂ ಪೆನ್ಸಿಲ್ ಮುಟ್ಟಿಸುವ ಹಾಗಿಲ್ಲ. "ಗುರುತು ಹಾಕಿದ್ರೆ ಎಲ್ಲರೂ ಅಲ್ಲೇ ಬಾಯಿ ತೆಗೀತೀರಿ," ಎಂಬುದು ಅವರ ವಾದ.

ಅವಳು ವೃಂದ ಬಿಡುವುದಕ್ಕೆ ಎರಡು ವರ್ಷ ಮುಂಚೆ, ಒಂದು ಶುಕ್ರವಾರ, ಮೇಷ್ಟ್ರು ಹಾಡು ನಿಲ್ಲಿಸಿ ಕೆಳದನಿಯವರ ಕಡೆ ತಿರುಗಿದರು.

"ಯಾರೋ ಇಳೀತಿದ್ದೀರಿ. ಮೂರನೇ ಸಾಲು."

ಮತ್ತೊಮ್ಮೆ ಹಾಡಿಸಿದರು, ಕಣ್ಣು ಮುಚ್ಚಿ ಕೇಳಿದರು, ಬೇಕರಿಯಮ್ಮನ ಕಡೆ ನೋಡಿದರು. "ನೀವೇ ಅನ್ಸುತ್ತೆ. ಬೆಳಗ್ಗೆ ಮೂರಕ್ಕೆ ಎದ್ದು ಹಿಟ್ಟು ಕಲಸಿ ಸಂಜೆ ಹಾಡ್ತೀನಿ ಅಂದ್ರೆ ಹೇಗೆ?" ಬೇಕರಿಯಮ್ಮ ಕೆಂಪಾದಳು. ಚಿಕ್ಕಮ್ಮನಿಗೆ ಮಾತ್ರ ಅದು ತಾನೇ ಎಂದು ಗೊತ್ತಿತ್ತು. ಕೆಲವು ತಿಂಗಳಿಂದ ಒಂದು ಸಿಳ್ಳು ಅವಳ ಕಿವಿಯಲ್ಲಿ ಬಿಡದೆ ಊದುತ್ತಿತ್ತು. ನಲವತ್ತು ದನಿಗಳ ನಡುವೆ ತನ್ನ ದನಿ ಎಲ್ಲಿದೆ ಎಂದು ಹುಡುಕಿದರೆ ಸಿಗುತ್ತಿರಲಿಲ್ಲ.  ಮುಂದಿನ ಸಲ ಹಾಡುವಾಗ ಬಾಯಿ ತೆರೆದಳು, ದನಿ ಬಿಡಲಿಲ್ಲ.

"ಈಗ ನೋಡಿ," ಎಂದರು ಮೇಷ್ಟ್ರು. "ಈಗ ಸರಿಹೋಯ್ತು. ಚೆನ್ನಾಗಿದೆ."

ಹೀಗೆ ಎರಡು ವರ್ಷ. ಮಂಗಳವಾರ, ಶುಕ್ರವಾರ, ಐದು ಕಾರ್ಯಕ್ರಮಗಳು. ಅವಳು ಎಲ್ಲ ಪದಗಳನ್ನೂ ತುಟಿಯಲ್ಲಿ ಉಚ್ಚರಿಸಿದಳು, ಉಸಿರಿನ ಸರದಿ ಬಂದಾಗ ಉಸಿರು ತೆಗೆದುಕೊಂಡಳು, ಗೋಡೆಯ ಹಾಗೆ ನಿಂತಳು. ಒಬ್ಬರಿಗೂ ತಿಳಿಯಲಿಲ್ಲ. ಸಿಕ್ಕಿಬೀಳುವ ಹೆದರಿಕೆ ಮೊದಲ ಆರು ತಿಂಗಳಿತ್ತು. ಆಮೇಲೆ ಉಳಿದದ್ದು ಯಾರೂ ಹಿಡಿಯುತ್ತಿಲ್ಲವಲ್ಲ ಎಂಬ ಯೋಚನೆ.

ಕೊನೆಗೆ ಮಂಡಿನೋವು ಎಂದು ಹೇಳಿ ಬಿಟ್ಟಳು. ಬೀಳ್ಕೊಡುಗೆಗೆ ಒಂದು ಗಡಿಯಾರ ಕೊಟ್ಟರು. "ಗೋಡೆಗೆ ಗೋಡೆ ಗಡಿಯಾರ" ಎಂದು ಅಂಚೆ ನಗಿಸಿದಳು. ಅದನ್ನು ಕಂಕುಳಲ್ಲಿಟ್ಟುಕೊಂಡು ನೋವಿಲ್ಲದ ಮಂಡಿಗಳಲ್ಲಿ ಮೂರು ಮಹಡಿ ಹತ್ತಿ ಬಂದಳು.

ಇದನ್ನೆಲ್ಲ ಅವಳು ನನಗೆ ಹೇಳಿದ್ದು ಕಾರ್ಯಕ್ರಮಕ್ಕೆ ಒಂದು ವಾರ ಮುಂಚೆ, ಅಡಿಗೆಮನೆಯ ಮೇಜಿನ ಬಳಿ, ಬಟಾಣಿ ಬಿಡಿಸುತ್ತ. ನಾನು ತರ್ಕ ಹೇಳಿದೆ.

"ಎರಡು ವರ್ಷದಿಂದ ನಿನ್ನ ದನಿ ಅದರಲ್ಲಿ ಇರಲೇ ಇಲ್ಲ ಚಿಕ್ಕಮ್ಮ. ಇಲ್ಲದ್ದು ಹೋದರೆ ಏನು ವ್ಯತ್ಯಾಸ ಆಗುತ್ತೆ? ಏನೂ ಕೇಳಿಸಲ್ಲ."

"ಗೊತ್ತು."

"ಮತ್ತೆ ಯಾಕೆ ಹೋಗ್ತೀಯ?"

"ನಿನ್ನ ಲೆಕ್ಕ ಸರಿಯಿದೆಯಾ ನೋಡೋಕೆ," ಎಂದಳು. ಸಿಪ್ಪೆಗಳನ್ನು ಒಟ್ಟುಮಾಡಿದಳು. "ನಾನು ಹೋದ ಮೇಲೆ ಅಲ್ಲಿ ಏನೂ ಆಗಿಲ್ಲ ಅಂದ್ರೆ ಅದನ್ನಾದ್ರೂ ನಾನೇ ಕೇಳ್ಬೇಕು."

ನಾನು ಜೊತೆಗೆ ಬರುತ್ತೇನೆ ಎಂದೆ, ಬೇಡ ಎಂದಳು. ನನ್ನ ತರ್ಕದಲ್ಲಿ ದೋಷವಿರಲಿಲ್ಲ ಎಂದೇ ಆಗ ನಂಬಿದ್ದೆ. ದೋಷ ಇತ್ತು, ಆದರೆ ನಾನು ನೋಡಿದ ಕಡೆ ಅಲ್ಲ.

ಶನಿವಾರ ಮಧ್ಯಾಹ್ನ ನಾಲ್ಕಕ್ಕೆ ಕಾರ್ಯಕ್ರಮ. ಅದೇ ಕಾರ್ಯಕ್ರಮ ಮಾರನೆಯ ದಿನ ಅದೇ ಹೊತ್ತಿಗೆ ಇನ್ನೊಮ್ಮೆ. ಮೇಷ್ಟ್ರು ಮುಂದಿನ ಸಾಲಿನಲ್ಲಿ ಕುರ್ಚಿ ಕಾದಿರಿಸುತ್ತೇನೆಂದು ಹೇಳಿ ಕಳಿಸಿದ್ದರು. ಅವಳು ಹದಿನಾಲ್ಕನೆಯ ಸಾಲಿನಲ್ಲಿ, ಕಂಬದ ಪಕ್ಕ ಕುಳಿತಳು. ಪುರಭವನದ ಎತ್ತರದ ಕಿಟಕಿಗಳಿಂದ ಬಿಸಿಲು ಓರೆಯಾಗಿ ಬಿದ್ದಿತ್ತು. ಪಕ್ಕದ ಕುರ್ಚಿಯ ಮುದುಕರು ಪೆಪ್ಪರಮಿಂಟಿನ ಕಾಗದವನ್ನು ಈಗಲೇ ಬಿಚ್ಚಿ ಇಟ್ಟುಕೊಳ್ಳುತ್ತಿದ್ದರು.

"ಮಧ್ಯದಲ್ಲಿ ಬಿಚ್ಚಿದ್ರೆ ಎಲ್ಲರೂ ತಿರುಗಿ ನೋಡ್ತಾರೆ," ಎಂದರು. "ನಿಮ್ಮೋರು ಯಾರಾದ್ರೂ ಹಾಡ್ತಿದಾರಾ?"

"ಇಲ್ಲ," ಎಂದಳು ಚಿಕ್ಕಮ್ಮ.

"ನನ್ನ ಸೊಸೆ ಇದಾಳೆ, ಎರಡನೇ ಸಾಲು. ಮನೇಲಿ ನನ್ಹತ್ರ ಬಾಯಿ ಬಿಡಲ್ಲ. ಅದಕ್ಕೇ ಇಲ್ಲಿ ಬಂದು ಕೇಳಿಸ್ಕೊಂಡು ಹೋಗ್ತೀನಿ."

ವೃಂದ ಮೆಟ್ಟಿಲುಗಳ ಮೇಲೆ ಬಂದು ನಿಂತಿತು. ಚಿಕ್ಕಮ್ಮ ಎಡತುದಿಯನ್ನು ನೋಡಿದಳು. ಅಲ್ಲಿ ನಿಂತಿದ್ದವರು ಇಬ್ಬರು ಗಂಡಸರು. ಅಂಚೆ ಎಲ್ಲಿ ಎಂದು ಹುಡುಕಲು ಒಂದು ಕ್ಷಣ ಬೇಕಾಯಿತು. ಇಪ್ಪತ್ತಮೂರು ವರ್ಷ ಅವಳು ಎಡ ಎಂದುಕೊಂಡದ್ದು ಈ ಕಡೆಯಿಂದ ಬಲ. ಅಲ್ಲಿ, ಅವಳ ಜಾಗದಲ್ಲಿ, ಎತ್ತರದ ಒಬ್ಬ ಯುವತಿ ನಿಂತಿದ್ದಳು. ಅಂಚೆ ಫೋನಿನಲ್ಲಿ ಹೇಳಿದ್ದ ಹಲ್ಲಿನ ಡಾಕ್ಟರು: "ದಿನವಿಡೀ ಬೇರೆಯವರಿಗೆ ಬಾಯಿ ತೆಗೀರಿ ಅಂತಾಳೆ, ಇಲ್ಲಿ ಬಂದ್ರೆ ಅವಳಿಗೇ ಬಾಯಿ ತೆಗೀರಿ ಅನ್ಬೇಕು. ಆದ್ರೆ ಎದೆಯಲ್ಲಿ ದಮ್ಮಿದೆ ನೋಡಿ, ಈಜೋಳು."

ಯಾರೋ ಗಾಳಿಯ ಯಂತ್ರ ನಿಲ್ಲಿಸಿದರು. ವಾದ್ಯವಿಲ್ಲದ ಹಾಡಿಗೆ ಮುಂಚೆ ಅದನ್ನು ಯಾವಾಗಲೂ ನಿಲ್ಲಿಸುತ್ತಾರೆ. ಅದು ನಿಂತ ಮೇಲೆಯೇ ಇಷ್ಟು ಹೊತ್ತು ಅದು ಸದ್ದು ಮಾಡುತ್ತಿತ್ತೆಂದು ಜನರಿಗೆ ತಿಳಿಯುತ್ತದೆ.

ಮೊದಲ ಹಾಡಿಗೆ ಅವಳು ಸಿದ್ಧಳಿರಲಿಲ್ಲ. ಬರಿಯ ಗಂಟಲುಗಳಿಂದ ಅಷ್ಟು ಅಗಲದ್ದೊಂದು ಹುಟ್ಟುತ್ತದೆಂದು, ಅದರಲ್ಲಿ ತಾನು ಎರಡು ದಶಕ ನಿಂತಿದ್ದೆನೆಂದು ಅವಳಿಗೆ ನಂಬಲಾಗಲಿಲ್ಲ. ಅಂಚೆಯ ದನಿ ಇಲ್ಲ, ಬೇಕರಿಯಮ್ಮನದಿಲ್ಲ. ಯಾರದೂ ಅಲ್ಲದ ಒಂದೇ ದನಿ. ಎರಡನೆಯ ಹಾಡು, ಮೂರನೆಯ ಹಾಡು. ಅವಳು ಪರದೆಯ ಮುಂದೆ ಕುಳಿತ ಹಾಗೆ ಕುಳಿತು, ಹಾಯ್ದುಹೋಗುವ ಒಂದೊಂದು ಸ್ವರವನ್ನೂ ಬೆಳಕಿಗೆ ಹಿಡಿದು ನೋಡಿದಳು. ಬಿರುಕಿಲ್ಲ, ಗುಳ್ಳೆಯಿಲ್ಲ. ತಳದ ಸ್ವರ ಮೊದಲಿಗಿಂತ ತುಂಬಿಕೊಂಡೇ ಇತ್ತು. ಇರಬೇಕಾದದ್ದೇ: ಎರಡು ವರ್ಷ ಮೂವರು ಎತ್ತಿದ್ದನ್ನು ಈಗ ನಾಲ್ವರು ಎತ್ತುತ್ತಿದ್ದರು. ಅರ್ಧ ಕಾರ್ಯಕ್ರಮ ಮುಗಿಯುವಷ್ಟರಲ್ಲಿ ಅವಳಿಗೆ ಉತ್ತರ ಸಿಕ್ಕಿತ್ತು. ಎದ್ದು ಹೋಗೋಣವೆಂದರೆ ಮುದುಕರ ಮಂಡಿ ಅಡ್ಡ ಇತ್ತು.

ಹಾಗಾಗಿ ಕೊನೆಯ ಹಾಡಿಗೂ ಅವಳು ಅಲ್ಲೇ ಇದ್ದಳು.

ಕೊನೆಯ ಪುಟ. ಮೇಲ್ದನಿಯವರು ನಿಂತರು. ಗಂಡಸರು ನಿಂತರು. ಕೆಳದನಿಯ ಉಳಿದವರೂ ನಿಂತು, ನಾಲ್ವರು ಉಳಿದರು. ತನಗೆ ತಿಳಿಯದೆಯೇ ಚಿಕ್ಕಮ್ಮ ಎಣಿಸುತ್ತಿದ್ದಳು. ಎಂಟನೆಯ ಎಣಿಕೆಗೆ ಅವಳ ಭುಜ ಮೇಲೆದ್ದು ಇಳಿಯಿತು. ಅದು ಅವಳ ಉಸಿರಿನ ಜಾಗ, ದೇಹ ಮರೆತಿರಲಿಲ್ಲ. ವೇದಿಕೆಯ ಮೇಲೆ ಯಾರೂ ಉಸಿರು ತೆಗೆದುಕೊಳ್ಳಲಿಲ್ಲ. ಹನ್ನೆರಡು. ಅಂಚೆ ತೆಗೆದುಕೊಳ್ಳಬೇಕಾದ ಜಾಗ. ತೆಗೆದುಕೊಳ್ಳಲಿಲ್ಲ, ಎಡಕ್ಕೆ ಒಂದಿಷ್ಟು ವಾಲಿ, ಯಾವುದಕ್ಕೋ ಕಾಯುತ್ತಿದ್ದಳು. ಹದಿನಾರು. ಬೇಕರಿಯಮ್ಮನೂ ಕಾಯುತ್ತಿದ್ದಳು. ಈಜುವ ಹುಡುಗಿ ಹಾಯಾಗಿ ಹಿಡಿದೇ ಇದ್ದಳು. ಇಪ್ಪತ್ತು. ಅಂಚೆಯ ಕುತ್ತಿಗೆಯ ನರ ಹದಿನಾಲ್ಕನೆಯ ಸಾಲಿಗೆ ಕಾಣುವಷ್ಟು ಉಬ್ಬಿತ್ತು. ಇಪ್ಪತ್ತೆರಡಕ್ಕೆ ಕಡೆಗೂ ಹುಡುಗಿಯ ಭುಜ ಎದ್ದಿತು. ಅದೇ ಕ್ಷಣಕ್ಕೆ ಇನ್ನು ತಾಳಲಾರದೆ ಅಂಚೆ, ಅಂಚೆಯ ಹಿಂದೆಯೇ ಬೇಕರಿಯಮ್ಮ.

ಆ ದೊಡ್ಡ ಭವನದಲ್ಲಿ ಉಳಿದದ್ದು ಬೇಕರಿಯಮ್ಮನ ಮಗಳ ಒಂದೇ ದನಿ, ನೂಲಿನ ಹಾಗೆ, ನಡುಗುತ್ತ. ಎರಡು ಸೆಕೆಂಡು ಇರಬಹುದು. ಆಮೇಲೆ ಉಳಿದ ಮೂವರು ಮರಳಿ ಬಂದರು, ಸ್ವರ ತುಂಬಿಕೊಂಡಿತು, ಮೇಷ್ಟ್ರ ಕೈ ಮುಚ್ಚಿತು.

ಚಿಕ್ಕಮ್ಮನಿಗೆ ಅರ್ಥವಾದದ್ದು ಚಪ್ಪಾಳೆಯ ನಡುವೆ. ತನ್ನ ಪಕ್ಕದಲ್ಲಿ ನಿಂತ ಹದಿನಾರು ವರ್ಷವೂ ಅಂಚೆ ಎಣಿಸಿಯೇ ಇರಲಿಲ್ಲ. ತೋಳಿಗೆ ತೋಳು ತಾಗಿ ನಿಂತ ಚಿಕ್ಕಮ್ಮನ ಭುಜ ಎದ್ದು ಇಳಿದದ್ದನ್ನು ತಿಳಿದು, ಅದಾದ ನಾಲ್ಕು ಎಣಿಕೆಗೆ ತಾನು ಉಸಿರು ತೆಗೆದುಕೊಳ್ಳುತ್ತಿದ್ದಳು. ಅಂಚೆಯ ಭುಜದಿಂದ ಬೇಕರಿಯಮ್ಮ, ಬೇಕರಿಯಮ್ಮನ ಭುಜದಿಂದ ಮಗಳು. ಯಾರೂ ಹೇಳಿಕೊಟ್ಟದ್ದಲ್ಲ, ಯಾರಿಗೂ ಗೊತ್ತಿದ್ದದ್ದೂ ಅಲ್ಲ. ದನಿ ನಿಂತ ಮೇಲೂ ಎರಡು ವರ್ಷ ಎಡತುದಿಯಿಂದ ಆ ಸರದಿ ಹೊರಡುತ್ತಲೇ ಇತ್ತು. ನಾನು ಹುಡುಕಿದ್ದು ದನಿಯ ಲೆಕ್ಕ. ಅವಳು ಅಲ್ಲಿ ಇದ್ದದ್ದು ಬೇರೆ ಬಾಬತ್ತಿನಲ್ಲಿ.

"ಕೊನೇಲಿ ಆ ಒಂದೇ ದನಿ ಉಳೀತಲ್ಲ," ಎಂದು ಮುದುಕರು ಕಣ್ಣೊರೆಸಿಕೊಂಡರು. "ಬಹಳ ಚೆನ್ನಾಗಿ ಬರೆದಿದಾರೆ ಅದನ್ನ."

"ಹೌದು," ಎಂದಳು ಚಿಕ್ಕಮ್ಮ.

ಅವಳು ಮನೆಗೆ ಹೋಗಬಹುದಿತ್ತು. ತಿಳಿಯಬೇಕಾದದ್ದು ತಿಳಿದಿತ್ತು, ತಾನಿಲ್ಲದ್ದು ಕೇಳಿಸಿತ್ತು, ಬೇರೆ ಯಾರಿಗೂ ಅದು ತಾನೆಂದು ತಿಳಿಯದಿದ್ದರೂ. ಮೆಟ್ಟಿಲ ತನಕ ಬಂದವಳು ತಿರುಗಿ, ವೇದಿಕೆಯ ಹಿಂದಿನ ಓಣಿಗೆ ಹೋದಳು. ಅಲ್ಲಿ ಕೋಟುಗಳ ರಾಶಿಯ ಪಕ್ಕ ಹಲ್ಲಿನ ಡಾಕ್ಟರು ಮುಖ ಕೆಳಗೆ ಹಾಕಿ ನಿಂತಿದ್ದಳು. ಮೇಷ್ಟ್ರು ಆಗಷ್ಟೇ ಮಾತು ಮುಗಿಸಿ ಹೋಗಿದ್ದರು.

"ಬನ್ನಿ ಗೋಡೆಯಕ್ಕ, ಬನ್ನಿ," ಎಂದಳು ಅಂಚೆ. "ನಮ್ಮ ಮಾನ ಹೋಗೋದನ್ನ ನೋಡೋಕೆ ಇವತ್ತೇ ಬಂದ್ರಾ?"

"ನಂದೇ ತಪ್ಪು," ಎಂದಳು ಹುಡುಗಿ. "ನಾನು ಜಾಸ್ತಿ ಹೊತ್ತು ಹಿಡಿದೆನಂತೆ. ಮೇಷ್ಟ್ರು ನಾಳೆ ಬೇಕಾದ್ರೆ ಹಾಡೋದೇ ಬೇಡ ಅಂದ್ರು."

"ಇವಳ ತಪ್ಪಲ್ಲ, ಪಾಪ," ಎಂದಳು ಅಂಚೆ. "ನೀವಿಲ್ಲ ಅಂತ ನನ್ನ ಎಡಗಿವಿ ಖಾಲಿ. ಎಷ್ಟು ವರ್ಷ ಕೇಳಿದ ದನಿ. ನೀವು ಬಿಡೋ ದಿನದ ತನಕ ಆ ದನಿ ಅಲುಗಿದ್ದಿಲ್ಲ. ಅದು ಕೇಳಿಸ್ತಿದ್ರೆ ನಾನು ಎಲ್ಲಿ ತಪ್ಪುತ್ತಿದ್ದೆ?"

ತುಟಿ ಆಡುವುದನ್ನು ಕಣ್ಣು ಕಂಡರೆ ಕಿವಿ ದನಿಯನ್ನು ತಾನೇ ತುಂಬಿಕೊಳ್ಳುತ್ತದೆ. ಇದು ಪ್ರಯೋಗಗಳಿಂದ ತಿಳಿದ ಸಂಗತಿ. ಚಿಕ್ಕಮ್ಮ ಅವನ್ನು ಓದಿದವಳಲ್ಲ. ಎರಡು ವರ್ಷ ತಾನು ಬಿಡದ ದನಿಯನ್ನು ಒಬ್ಬಳು ಕೇಳುತ್ತಲೇ ಇದ್ದಳು, ಈಗ ಅದಕ್ಕಾಗಿ ಹಂಬಲಿಸುತ್ತಿದ್ದಾಳೆ ಎಂಬುದಷ್ಟೇ ಅವಳಿಗೆ ಕಂಡದ್ದು. ಸುಮ್ಮನಿದ್ದರೆ ಸಾಕಿತ್ತು. ನಾಳೆಯೂ ಅಂಚೆ ಎಡಕ್ಕೆ ವಾಲುತ್ತಾಳೆ, ನಾಳೆಯೂ ಸ್ವರ ತುಂಡಾಗುತ್ತದೆ. ಗೋಡೆಯಕ್ಕ ಇದ್ದಿದ್ದರೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಈ ಊರಿನಲ್ಲಿ ಅವಳು ಇದ್ದಳೆಂಬುದಕ್ಕೆ ಇರುವ ಒಂದೇ ಪುರಾವೆ ಆ ಎರಡು ಸೆಕೆಂಡು. ಅದರ ಬೆಲೆಯನ್ನು ತೆರುವವಳು ಈ ಹುಡುಗಿ.

"ಪುಸ್ತಕ ಕೊಡಿ," ಎಂದಳು. "ಪೆನ್ಸಿಲ್ ಇದೆಯಾ ಯಾರ ಹತ್ರಾನಾದ್ರೂ?"

"ಕೊನೇ ಪುಟಕ್ಕಾ?" ಅಂಚೆ ಹಿಂದೆ ತಿರುಗಿ ನೋಡಿದಳು. "ಮೇಷ್ಟ್ರು ನೋಡಿದ್ರೆ ಪೆನ್ಸಿಲನ್ನ ನಮಗೇ ಚುಚ್ಚುತ್ತಾರೆ."

"ನನಗೆ ಚುಚ್ಚಲಿ. ನಾನು ವೃಂದದಲ್ಲಿ ಇಲ್ವಲ್ಲ."

ಕೋಟುಗಳ ಮೇಲೆ ಪುಸ್ತಕ ಇಟ್ಟು, ಹುಡುಗಿಯ ಪುಟದಲ್ಲಿ ಎಂಟನೆಯ ಎಣಿಕೆಯ ಮೇಲೆ ಅಲ್ಪವಿರಾಮದಂಥ ಒಂದು ಗುರುತು ಹಾಕಿದಳು. "ನಿನಗೆ ಇನ್ನೂ ಉಸಿರಿರುತ್ತೆ, ಗೊತ್ತು. ಇದ್ರೂ ಇಲ್ಲಿ ತಗೋ. ನೀನು ತಗೊಳ್ಳೋದು ನಿನಗೋಸ್ಕರ ಅಲ್ಲ." ಅಂಚೆಯ ಪುಟದಲ್ಲಿ ಹನ್ನೆರಡರ ಮೇಲೆ ಇನ್ನೊಂದು. "ನೀನು ಎಡಕ್ಕೆ ವಾಲಬೇಡ, ಎಣಿಸು. ಇಷ್ಟು ವರ್ಷ ನೀನು ನನ್ನ ದನಿ ಕೇಳ್ತಿರ್ಲಿಲ್ಲ ಕಣೇ, ನನ್ನ ಭುಜ ನೋಡ್ತಿದ್ದೆ. ದನಿ ಎರಡು ವರ್ಷದಿಂದ ಇರ್ಲೇ ಇಲ್ಲ. ಬರೀ ಬಾಯಿ ತೆಗೀತಿದ್ದೆ."

ಅಂಚೆ ಅವಳ ಮುಖ ನೋಡಿದಳು, ಆಮೇಲೆ ನಕ್ಕಳು. "ಈ ಹುಡುಗಿಗೆ ಸಮಾಧಾನ ಹೇಳೋಕೆ ಅಷ್ಟೊಂದು ಸುಳ್ಳು ಹೇಳ್ಬೇಡಿ. ನಿಮ್ಮ ದನಿ ನನಗೆ ಗೊತ್ತಿಲ್ವಾ?"

ಚಿಕ್ಕಮ್ಮ ಮುಂದಿನ ಪುಸ್ತಕ ಎಳೆದುಕೊಂಡಳು. ಬೇಕರಿಯಮ್ಮನ ಪುಟದಲ್ಲಿ ಹದಿನಾರಕ್ಕೆ ಗುರುತು ಹಾಕುವಾಗ ತಲೆಯೆತ್ತದೆ, "ಆವತ್ತು ಇಳಿದಿದ್ದು ನಾನು. ಬೈಸ್ಕೊಂಡಿದ್ದು ನೀನು," ಎಂದಳು.

"ಯಾವತ್ತು?" ಎಂದಳು ಬೇಕರಿಯಮ್ಮ. ಅವಳಿಗೆ ನಿಜವಾಗಿಯೂ ನೆನಪಿರಲಿಲ್ಲ.

ಮಗಳ ಪುಟಕ್ಕೂ ಇಪ್ಪತ್ತರ ಮೇಲೆ ಒಂದು ಗುರುತು. ಆಮೇಲೆ ಓಣಿಯಲ್ಲೇ ನಾಲ್ವರನ್ನೂ ಸಾಲಾಗಿ ನಿಲ್ಲಿಸಿ, ಬಾಯಿ ಮುಚ್ಚಿಯೇ, ಬರಿಯ ಉಸಿರಿನಲ್ಲಿ ಎರಡು ಸಲ ಎಣಿಸಿ ತೋರಿಸಿದಳು. ಎಡತುದಿಯಲ್ಲಿ ಹುಡುಗಿ ನಿಂತಿದ್ದಳು. ಚಿಕ್ಕಮ್ಮ ಎದುರಿಗೆ ನಿಂತು, ಬೆರಳಿನಲ್ಲಿ ಎಣಿಕೆ ಹಾಕಿದಳು.

ಭಾನುವಾರ ಅವಳು ಹೋಗಲಿಲ್ಲ. ನಾನು ಮಧ್ಯಾಹ್ನವೇ ಅವಳ ಮನೆಗೆ ಬಂದಿದ್ದೆ. ಶನಿವಾರದ ಕತೆಯನ್ನು ಅವಳು ಹೇಳಿ ಮುಗಿಸುವ ಹೊತ್ತಿಗೆ ಐದೂವರೆ ದಾಟಿತ್ತು. ಕಾಕತಾಳೀಯವೂ ಇರಬಹುದಲ್ಲ ಎಂದು ಕೇಳಬೇಕೆಂದಿದ್ದೆ. ಒಂದು ಸಲ ಆದದ್ದರಿಂದ ಕಾರಣ ಸಿದ್ಧವಾಗುವುದಿಲ್ಲ. ಗುರುತುಗಳಿಲ್ಲದೆ ಇನ್ನೊಮ್ಮೆ ಹಾಡಿಸಿ ನೋಡಿದ್ದರೆ ತಿಳಿಯುತ್ತಿತ್ತು. ಆ ಪ್ರಯೋಗಕ್ಕೆ ಅವಳೇ ಅವಕಾಶ ಉಳಿಸಿರಲಿಲ್ಲ. 

ಐದು ನಲವತ್ತೆರಡಕ್ಕೆ ಅವಳು ಗೋಡೆಯ ಮೇಲಿನ ಗಡಿಯಾರ ನೋಡಿ ಮಾತು ನಿಲ್ಲಿಸಿದಳು. ಕೈ ಮೇಜಿನ ಮೇಲಿತ್ತು. ಸ್ವಲ್ಪ ಹೊತ್ತಿಗೆ ಅವಳ ಭುಜ ಮೇಲೆದ್ದು, ಇಳಿಯಿತು. ಕೆಳಗಿನ ಬೀದಿಯಲ್ಲಿ ಯಾರೋ ಬಾಗಿಲು ಎಳೆದರು. ಅವಳು ಇನ್ನೂ ಎಣಿಸುತ್ತಲೇ ಇದ್ದಳು ಎಂದು ತುಟಿಯಿಂದ ತಿಳಿಯುತ್ತಿತ್ತು.

ಆರೂಕಾಲಿಗೆ ಫೋನು ಬಂತು. ಅಂಚೆಯ ದನಿ ನನಗೂ ಕೇಳಿಸುವಷ್ಟು ಜೋರಾಗಿತ್ತು. ಚಿಕ್ಕಮ್ಮನ ಜೊತೆ ಈಗ ಎಲ್ಲರೂ ಹಾಗೇ ಮಾತಾಡುತ್ತಾರೆ.

"ಇವತ್ತು ಏನೂ ಆಗ್ಲಿಲ್ಲ ಗೋಡೆಯಕ್ಕ. ನೀರು ಹರಿದ ಹಾಗೆ ಹೋಯ್ತು. ಮೇಷ್ಟ್ರು ಹುಡುಗೀಗೆ ಭೇಷ್ ಅಂದ್ರು."

"ಒಳ್ಳೇದಾಯ್ತು."

"ಮುಂದಿನ ಸಲ ಬರ್ತೀರಲ್ಲ, ಕೇಳೋಕೆ?"

"ನೋಡೋಣ," ಎಂದು ಇಟ್ಟಳು.

"ಏನಂತೆ?" ಎಂದೆ, ಕೇಳಿಸಿದ್ದರೂ.

"ಏನೂ ಆಗ್ಲಿಲ್ವಂತೆ," ಎಂದಳು ಚಿಕ್ಕಮ್ಮ. ಎದ್ದು ಹೋಗಿ, ನಾವು ಕಾಫಿ ಕುಡಿದ ಎರಡು ಗಾಜಿನ ಲೋಟಗಳನ್ನೂ ನಲ್ಲಿಯ ಕೆಳಗೆ ಹಿಡಿದು ತೊಳೆದಳು. ಒಂದೊಂದನ್ನೂ ಕಿಟಕಿಯ ಬೆಳಕಿಗೆ ಎತ್ತಿ, ತಿರುಗಿಸಿ ನೋಡಿ, ಬೋರಲು ಹಾಕಿದಳು.